ಅಮ್ಮನ ಕಾಗದಪತ್ರ ಮುಗಿಸುವಷ್ಟರಲ್ಲಿ

ಕಳೆದ ವಾರ ಪುರಸಭೆಯಿಂದ ಇ-ಖಾತಾ, ಅಂದರೆ ಅಮ್ಮನ ಮನೆ ನಮ್ಮ ಹೆಸರಿಗೆ ಆದ ದಾಖಲೆ, ಬಂತು. ಅಮ್ಮನ ಹೆಸರಿನಲ್ಲಿ ಉಳಿದಿದ್ದ ಕೊನೆಯ ಕೆಲಸ ಅದು. ಅಮ್ಮ ತೀರಿಕೊಂಡು ಒಂದು ವರ್ಷವಾಗುತ್ತಾ ಬಂತು. ಈ ಮಧ್ಯೆ ಪರಿಚಯದವರು ಎಷ್ಟೋ ಜನ ಫೋನ್ ಮಾಡಿ, "ನಮ್ಮ ಮನೆಯಲ್ಲೂ ಹೀಗೇ ಆಯ್ತು, ಯಾವ ಕಾಗದ ಮೊದಲು ಮಾಡಿಸಬೇಕು?" ಎಂದು ಕೇಳಿದ್ದಾರೆ. ಅವರಿಗೆಲ್ಲ ಉಪಯೋಗ ಆಗಲಿ ಅಂತ ಬರೆಯಲು ಕೂತೆ. ಆದರೆ ಇದು ಬರೀ ಕಾಗದದ ಕಥೆಯಾಗಿ ಉಳಿಯಲಿಲ್ಲ. ಅಮ್ಮನ ಒಂದೊಂದೇ ಖಾತೆ ಮುಚ್ಚುತ್ತಾ ಹೋದ ಹಾಗೆ, ಕೊನೆಯ ಎರಡು ವರ್ಷ ಅಮ್ಮ ಎಷ್ಟು ಚೆನ್ನಾಗಿ ಬದುಕಿದ್ದಳು ಅನ್ನೋದು ತಿಳಿಯುತ್ತಾ ಹೋಯಿತು. ಅದನ್ನು ಬಿಟ್ಟು ಇದನ್ನು ಹೇಳೋಕೆ ನನಗೆ ಬರಲಿಲ್ಲ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರು. ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಮನೆಯಲ್ಲೇ ಒಂದಿಷ್ಟು ಬಟ್ಟೆ ಹೊಲಿದು ಕೊಡುತ್ತಿದ್ದಳು. ನಾನು ಬೆಂಗಳೂರಿನಲ್ಲಿ, ಅಣ್ಣ ಹುಬ್ಬಳ್ಳಿಯಲ್ಲಿ. ಅಮ್ಮ ಊರಿನಲ್ಲಿ ಒಬ್ಬಳೇ. ಒಂದು ಬೆಳಗ್ಗೆ ಎದೆ ನೋವು ಅಂದಳಂತೆ. ಎದುರು ಮನೆ ಆಂಟಿ ಆಟೋ ಹಿಡಿದು ಊರಿನ ಡಾಕ್ಟರ ಹತ್ತಿರ ಕರಕೊಂಡು ಹೋದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ. ನಾನು ಬಸ್ಸಿನಲ್ಲಿ ಇನ್ನೂ ದಾರಿಯಲ್ಲಿದ್ದೆ, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ಇದೇ ದಾರಿಯಲ್ಲಿ ಈಗ ನಡೆಯುತ್ತಿರುವವರಿಗೆ ಅದನ್ನು ಹೇಳಬೇಕಾಗಿಲ್ಲ.

ಮೊದಲ ಕಾಗದ ಮರಣ ಪ್ರಮಾಣಪತ್ರ. ಬಹಳ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಮರಣದ ನೋಂದಣಿ ಆಗೋದು ವಾಸವಿದ್ದ ಊರಿನಲ್ಲಲ್ಲ, ತೀರಿಕೊಂಡ ಜಾಗದಲ್ಲಿ. ಅಮ್ಮ ಹೋಗಿದ್ದು ಜಿಲ್ಲಾ ಕೇಂದ್ರದಲ್ಲಿ. ಹಾಗಾಗಿ ನಮ್ಮೂರ ಪುರಸಭೆಯಲ್ಲಿ ಕೇಳಿ ಪ್ರಯೋಜನ ಇರಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ಹೋಗಿ ತಿಳಿಸಬೇಕು. 21 ದಿನದೊಳಗೆ ನೋಂದಣಿಯಾದರೆ ದಂಡ ಇಲ್ಲ. 30 ದಿನ ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ದುಃಖದಲ್ಲಿ ಇದ್ಯಾವುದೂ ತಲೆಗೆ ಹೋಗಲ್ಲ, ನಿಜ. ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿರುವ ಒಬ್ಬರಿಗೆ, ಅಳಿಯನಿಗೋ ಸೋದರಮಾವನಿಗೋ, ಈ ಒಂದು ಕೆಲಸ ವಹಿಸಿಬಿಡಿ.

ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗಲೇ ಆಧಾರ್ ಕಾರ್ಡು ಮುಂದಿಟ್ಟು ಅಕ್ಷರ ಅಕ್ಷರ ನೋಡಿ. ಅಮ್ಮನ ಹೆಸರು ಆಧಾರಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇತ್ತು. ಒಂದರಲ್ಲಿ ಕೊನೆಗೆ 'ಅಮ್ಮ' ಸೇರಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಮನೆಪತ್ರದಲ್ಲಿ ಅಪ್ಪನ ಹೆಸರೂ ಜೊತೆಗಿತ್ತು. ನಮಗೆ ಒಬ್ಬಳೇ ಅಮ್ಮ, ಕಚೇರಿಗಳ ಲೆಕ್ಕದಲ್ಲಿ ಮೂವರು. ಇದಕ್ಕೆ ಪರಿಹಾರ, ಈ ಎಲ್ಲ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸುವ ಅಫಿಡವಿಟ್. 100 ರೂಪಾಯಿಯ ಇ-ಸ್ಟಾಂಪ್ ಕಾಗದ, ಮೇಲೆ ನೋಟರಿ ಫೀಸು. ಒಂದೇ ಸಲ ಎಲ್ಲ ಹೆಸರನ್ನೂ ಸೇರಿಸಿ ಬರೆಸಿದರೆ ಆಮೇಲೆ ಕಚೇರಿಗೊಂದು ಅಫಿಡವಿಟ್ ಮಾಡಿಸುವುದು ತಪ್ಪುತ್ತದೆ.

ಪ್ರಮಾಣಪತ್ರ ಕೈಗೆ ಬಂದ ದಿನ ಅದರಲ್ಲಿ ಅಮ್ಮನ ಹೆಸರು ನೋಡಿ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಲ್ಲಿಯವರೆಗೆ ಓಡಾಟದಲ್ಲಿ ಅತ್ತಿರಲಿಲ್ಲ. ಮಗುವಿನ ಜನನ ಪತ್ರಕ್ಕೆ ಬಂದಿದ್ದ ಒಬ್ಬಾಕೆ ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು. ಅತ್ತರೆ ಅತ್ತುಬಿಡಿ. ಯಾರೂ ಏನೂ ಅಂದುಕೊಳ್ಳಲ್ಲ. ಆ ಕೌಂಟರಿನಲ್ಲಿ ಕೂತವರು ಇದನ್ನು ದಿನಾ ನೋಡುತ್ತಾರೆ. ಹಾಂ, ಪ್ರತಿಗಳನ್ನು ಜಾಸ್ತಿಯೇ ತಗೊಳ್ಳಿ. ಬ್ಯಾಂಕು, ಅಂಚೆ ಕಚೇರಿ, ಪಿಂಚಣಿ, ಗ್ಯಾಸು, ಕರೆಂಟು, ಮನೆಯ ಖಾತೆ, ಎಲ್ಲ ಕಡೆಯೂ ಒಂದೊಂದು ಕೇಳುತ್ತಾರೆ.

ಇನ್ನೊಂದು ಮಾತು. ಅಮ್ಮನ ಫೋನ್ ನಂಬರನ್ನು ಬಂದ್ ಮಾಡಿಸಬೇಡಿ. ರೀಚಾರ್ಜ್ ಮಾಡಿಸುತ್ತಾ ಇರಿ. ಆಧಾರಿನ ಒಟಿಪಿ, ಬ್ಯಾಂಕಿನ ಸಂದೇಶ, ಗ್ಯಾಸಿನ ಸಂದೇಶ ಎಲ್ಲ ಅದಕ್ಕೇ ಬರೋದು. ಹಾಗೆಯೇ, "ಎಟಿಎಂ ಕಾರ್ಡ್ ಇದೆಯಲ್ಲ, ಮೊದಲು ದುಡ್ಡು ತೆಗೆದುಬಿಡಿ" ಎಂದು ಹೇಳುವವರು ಸಿಗುತ್ತಾರೆ. ತೆಗೆಯಬೇಡಿ. ತೀರಿಕೊಂಡವರ ಕಾರ್ಡು ಬಳಸುವುದು ಸರಿಯಲ್ಲ, ಆಮೇಲೆ ಅಣ್ಣ ತಮ್ಮಂದಿರ ನಡುವೆ ಅದೇ ಜಗಳಕ್ಕೆ ಕಾರಣ ಆಗುತ್ತದೆ.

ಪಿಂಚಣಿಯ ವಿಷಯ ಬೇಗ ಮುಗಿಯಿತು. ಬ್ಯಾಂಕಿಗೆ ತಕ್ಷಣ ಪತ್ರ ಬರೆದು ತಿಳಿಸಿದೆವು. ಅಷ್ಟರಲ್ಲಿ ಮುಂದಿನ ತಿಂಗಳದ್ದು ಜಮಾ ಆಗಿತ್ತು, ಅದನ್ನು ವಾಪಸ್ ಹಿಡಿದುಕೊಂಡರು. ಅದು ನಮ್ಮ ಹಣ ಅಲ್ಲ, ಗಾಬರಿಯಾಗಬೇಡಿ.

ಬ್ಯಾಂಕಿನಲ್ಲಿ ಉಳಿತಾಯ ಖಾತೆಗೆ ಅಣ್ಣ ನಾಮಿನಿ. ಒಂದು ಠೇವಣಿ ನನ್ನ ಮತ್ತು ಅಮ್ಮನ ಹೆಸರಲ್ಲಿ ಜಂಟಿಯಾಗಿತ್ತು, ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು ಅನ್ನೋ ಷರತ್ತಿನ ಮೇಲೆ. ಜಂಟಿ ಠೇವಣಿ ಸಲೀಸಾಗಿ ಆಯಿತು. ಉಳಿತಾಯ ಖಾತೆಗೆ ಮಾತ್ರ ಕೌಂಟರಿನವರು, "ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ" ಅಂದುಬಿಟ್ಟರು. ಅದಕ್ಕೆ ತಿಂಗಳುಗಟ್ಟಲೆ ಬೇಕು, ವಕೀಲರ ಖರ್ಚು ಬೇರೆ. ಅಣ್ಣ ಸುಮ್ನೆ ತಲೆ ತಗ್ಗಿಸಿ ಹೊರಗೆ ಬಂದ. ನಾನು ಮನೆಗೆ ಬಂದು ನಿಯಮ ಓದಿದೆ. ನಾಮಿನಿ ಇರುವ ಖಾತೆಗೆ ಉತ್ತರಾಧಿಕಾರ ಪತ್ರ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಬೇಕಾದ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು ಅಂತಲೂ ಇದೆ. ಇದನ್ನೇ ಅರ್ಜಿಯಲ್ಲಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಮ್ಯಾನೇಜರಿಗೆ ಕೊಟ್ಟೆವು. ಅವರು ಓದಿ, ಆಗುತ್ತದೆ ಅಂದರು, ಆಯಿತು ಕೂಡ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಬರುತ್ತದೆ. ಬರೆದು ಕೊಡಿ.

ನಾಮಿನಿ ಆದ ಮಾತ್ರಕ್ಕೆ ಹಣ ಅವರದೇ ಆಗಲ್ಲ, ಇದನ್ನೂ ತಿಳಿದುಕೊಳ್ಳಿ. ಅವರು ಹಣ ತಗೊಂಡು ವಾರಸುದಾರರಿಗೆ ಹಂಚಬೇಕಾದವರು ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಹೋದ ಹೆಂಗಸಿನ ಆಸ್ತಿ ಮೊದಲು ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ಗಂಡನಿಗೆ ಸಮಪಾಲು. ಅಪ್ಪ ಇಲ್ಲದ್ದರಿಂದ ನಮ್ಮಿಬ್ಬರಿಗೆ ಅರ್ಧರ್ಧ. ಅಣ್ಣ ಕೇಳುವ ಮೊದಲೇ ನನ್ನ ಪಾಲು ಕಳಿಸಿದ.

ಅಪ್ಪ ಅಮ್ಮನ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ. 436 ರೂಪಾಯಿ ಅಥವಾ 20 ರೂಪಾಯಿ ವರ್ಷಕ್ಕೊಮ್ಮೆ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಅಥವಾ ಸುರಕ್ಷಾ ವಿಮೆಯ ಕಂತು ಇರಬಹುದು. ಮೊದಲನೆಯದರಲ್ಲಿ 2 ಲಕ್ಷ ಬರುತ್ತದೆ, ಎರಡನೆಯದು ಅಪಘಾತಕ್ಕೆ ಮಾತ್ರ. ಎಷ್ಟೋ ಮನೆಗಳಲ್ಲಿ ವಿಮೆ ಇರೋದೇ ಗೊತ್ತಿರಲ್ಲ. ಹಳೆಯ ಖಾತೆ ಏನಾದರೂ ಮರೆತುಹೋಗಿದೆಯಾ ಅನ್ನೋ ಅನುಮಾನ ಇದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಎಂಬ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಅದು 2023ರಲ್ಲಿ ಶುರುವಾಗಿದೆ.

ಅಮ್ಮನ ಪಾಸ್‌ಬುಕ್ ಓದುತ್ತಾ ನನಗೆ ಬೇರೆಯೇ ಒಂದು ಕಂಡಿತು. ಐನೂರು, ಸಾವಿರ ಅಂತ ಸಣ್ಣ ಸಣ್ಣ ಮೊತ್ತ ತೆಗೆದಿದ್ದಳು. ತೆಗೆದ ಊರುಗಳು ಮಾತ್ರ ವಿಚಿತ್ರ. ಒಮ್ಮೆ ಬಾಗಲಕೋಟೆ ಕಡೆ, ಒಮ್ಮೆ ಉಡುಪಿ, ಒಮ್ಮೆ ವಿಜಯಪುರ. ಅಮ್ಮ ಅಲ್ಲಿ ಇಲ್ಲಿ ಹೋಗಿಬರುತ್ತಾಳೆ ಅಂತ ಗೊತ್ತಿತ್ತು. ಫೋನಿನಲ್ಲಿ ಹೇಳುತ್ತಿದ್ದಳು ಕೂಡ. ಆದರೆ ಇಷ್ಟು ದೂರ, ಇಷ್ಟು ಸಲ ಅಂತ ಅಂದಾಜಿರಲಿಲ್ಲ.

ಉತ್ತರ ಸಿಕ್ಕಿದ್ದು ವಂಶವೃಕ್ಷದ ಕೆಲಸದಲ್ಲಿ.

ಮನೆಯ ಖಾತೆ ಬದಲಾಯಿಸೋಕೆ, ವಾರಸುದಾರರು ಯಾರು ಅಂತ ತೋರಿಸುವ ವಂಶವೃಕ್ಷ ಬೇಕೇ ಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ಕುಟುಂಬದಲ್ಲಿ ಯಾರ್‍ಯಾರು ಇದ್ದಾರೆ ಎಂಬ ಅಫಿಡವಿಟ್ ಕೊಡಬೇಕು. ಅರ್ಜಿ ಶುಲ್ಕ ತೀರಾ ಕಡಿಮೆ. ಜಾಸ್ತಿ ಖರ್ಚಾಗೋದು ಓಡಾಟಕ್ಕೆ ಮತ್ತು ರಜಕ್ಕೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೇಳಿ ತಗೊಳ್ಳಿ. ಸಕಾಲ ಜಾರಿಗೆ ಬಂದಿದ್ದು 2012ರಲ್ಲಿ. ಕೆಲಸಕ್ಕೆ ಗಡುವು ಇರುತ್ತದೆ, ತಡವಾದರೆ ಮೇಲ್ಮನವಿಗೆ ಅವಕಾಶ ಇದೆ. ನಮ್ಮ ಅರ್ಜಿ ಎಲ್ಲೋ ನಿಂತುಬಿಟ್ಟಿತ್ತು. ಹೊರಗೆ ನಿಂತಿದ್ದ ಮಧ್ಯವರ್ತಿಯೊಬ್ಬ, "ನಾನು ಮಾಡಿಸಿಕೊಡ್ತೀನಿ, ಮೂರು ಸಾವಿರ ಆಗುತ್ತೆ" ಅಂದ. ಕೊಡಲಿಲ್ಲ. ಸಕಾಲ ಸಂಖ್ಯೆ ಹಿಡಿದು ಒಳಗೆ ಹೋಗಿ ಕೇಳಿದ ಮೇಲೆ ಕಡತ ಮುಂದೆ ಹೋಯಿತು.

ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ಮಹಜರು ಮಾಡಿದರು. ಈ ಮನೆಯವರು ಇಂಥವರೇ, ಇವರ ಮಕ್ಕಳು ಇಬ್ಬರೇ ಎಂದು ಅಕ್ಕಪಕ್ಕದವರು ಸಹಿ ಹಾಕಬೇಕು. ಎದುರು ಮನೆ ಆಂಟಿ ಬಂದರು. ಕನ್ನಡಕ ಹುಡುಕಿ, ಕಾಗದ ಪೂರ್ತಿ ಓದಿ, ಸಹಿ ಹಾಕಿ, ಪೆನ್ನು ಕೆಳಗಿಡದೆ ಹಾಗೇ ಕೂತರು.

"ಅಕ್ಕನ ಜೊತೆ ಎಷ್ಟು ಊರು ಸುತ್ತಿದೆ ಕಣಮ್ಮ ನಾನು," ಅಂದರು. "ನಮ್ಮೆಜಮಾನ್ರು ಮೊದಲು ಬಿಡ್ತಿರಲಿಲ್ಲ. ದುಡ್ಡು ಯಾರು ಕೊಡ್ತಾರೆ ಅನ್ನೋರು. ಆಮೇಲೆ ಬಸ್ಸು ಪುಕ್ಕಟೆ ಆಯ್ತಲ್ಲ, ಅಕ್ಕ ಬಂದು ನಿಂತೇಬಿಟ್ರು. ಈಗ ಯಾರ ಹತ್ರ ದುಡ್ಡು ಕೇಳಬೇಕು, ಹೊರಡು ಅಂದ್ರು. ಸೀಟಿಲ್ಲದಿದ್ರೂ ನಿಂತ್ಕೊಂಡೇ ಬರೋರು ನಿಮ್ಮಮ್ಮ. ಕಿಟಕಿ ಪಕ್ಕ ಸಿಕ್ಕಿದರೆ ಮಾತ್ರ ಯಾರಿಗೂ ಬಿಟ್ಟುಕೊಡ್ತಿರಲಿಲ್ಲ."

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲ. ಅದರ ಬಗ್ಗೆ ಯಾರ್‍ಯಾರೋ ಏನೇನೋ ಮಾತಾಡಿದ್ದಾರೆ. ನಾನು ಹೇಳೋದು ಇಷ್ಟು. ಅಪ್ಪ ಇದ್ದಾಗಲೂ ನಮ್ಮ ಮನೆಯಲ್ಲಿ ಬಸ್ ಚಾರ್ಜಿಗೆ ಕೊರತೆ ಇರಲಿಲ್ಲ. ಆದರೂ ಮದುವೆ, ನಾಮಕರಣ, ತಿಥಿ ಬಿಟ್ಟು ಅಮ್ಮ ಎಲ್ಲಿಗೂ ಹೋದವಳಲ್ಲ. ಸುಮ್ನೆ ನೋಡೋಕೆ ಅಂತ ಹೋಗೋದಕ್ಕೆ ಅವಳಿಗೆ ಒಂದು ನೆಪ ಬೇಕಿತ್ತು. ಅದು ಸಿಕ್ಕಿತು. ಅಪ್ಪ ಹೋದ ದುಃಖದಲ್ಲಿ ಮೂಲೆಯಲ್ಲಿ ಕೂತಿದ್ದವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಅಮ್ಮ ಬಸ್ ಟಿಕೆಟ್‌ಗಳನ್ನು ಎತ್ತಿಡುತ್ತಿದ್ದಳು ಅಂತ ಆಂಟಿ ಹೇಳಿದ ಜಾಗದಲ್ಲಿ ಅವತ್ತು ಸಂಜೆ ಹುಡುಕಿದೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಹಿಂದೆ, ಸೀರೆ ಅಂಗಡಿಯ ಕವರೊಳಗೆ ಒಂದು ಕಟ್ಟು ಸೊನ್ನೆ ಟಿಕೆಟ್. ಮೇಲೆ ರಬ್ಬರ್ ಬ್ಯಾಂಡ್. ಟಿಕೆಟ್ಟಿನ ಮುಂಭಾಗದ ಅಚ್ಚು ಬಹುಪಾಲು ಅಳಿಸಿಹೋಗಿತ್ತು. ಆ ಥರದ ಕಾಗದದ ಅಕ್ಷರ ಉಳಿಯೋದಿಲ್ಲ. ಹಿಂದೆ ಅಮ್ಮ ನೀಲಿ ಪೆನ್ನಿನಲ್ಲಿ ಬರೆದದ್ದು ಮಾತ್ರ ಹಾಗೇ ಇತ್ತು.

"ಬಾದಾಮಿ. ಮೆಟ್ಟಿಲು ಜಾಸ್ತಿ. ನಿಧಾನಕ್ಕೆ ಹತ್ತಿದೆ. ಕೋತಿ ಕಾಟ."

"ಮಲ್ಪೆ. ಮೊಣಕಾಲುದ್ದ ನೀರಲ್ಲಿ ನಿಂತೆ. ಸೀರೆ ಒದ್ದೆ. ಪರವಾಗಿಲ್ಲ."

"ಗೋಲಗುಂಬಜ್. ಮೇಲೆ ಹೋಗಿ ನನ್ನ ಹೆಸರು ಕೂಗಿದೆ. ಏಳು ಸಲ ವಾಪಸ್ ಬಂತು."

ಇದನ್ನು ಎಷ್ಟು ಸಲ ಓದಿದೆನೋ. ಮನೆಯಲ್ಲಿ ಅಮ್ಮನನ್ನು ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಅಪ್ಪ 'ಏ ಇವಳೇ' ಅನ್ನೋರು. ನಮಗೆ ಅಮ್ಮ. ಊರಿನವರಿಗೆ ಅಕ್ಕ, ಅತ್ತೆ. ಅಷ್ಟು ದೂರ ಹೋಗಿ, ಅಷ್ಟು ಮೆಟ್ಟಿಲು ಹತ್ತಿ, ಅಷ್ಟು ಜನರ ನಡುವೆ ಅವಳು ತನ್ನ ಹೆಸರನ್ನೇ ಕೂಗಿದ್ದಾಳೆ. ನಾನು ಅವತ್ತು ಅತ್ತೆ, ಆದರೆ ಪ್ರಮಾಣಪತ್ರ ಸಿಕ್ಕ ದಿನ ಕಚೇರಿಯ ಮೆಟ್ಟಿಲ ಮೇಲೆ ಅತ್ತ ಹಾಗಲ್ಲ. ಅಮ್ಮನ ಬಗ್ಗೆ ತುಂಬಾ ಹೆಮ್ಮೆ ಅನ್ನಿಸಿತು.

ಅಂಚೆ ಕಚೇರಿಯ ಕೆಲಸ ಎಲ್ಲದಕ್ಕಿಂತ ಉದ್ದ ಎಳೆಯಿತು. ಅಮ್ಮ ತಿಂಗಳಿಗೆ ಸಾವಿರದಂತೆ ಆರ್‌ಡಿ ಕಟ್ಟುತ್ತಿದ್ದಳು. ಅದಕ್ಕೆ ನಾಮಿನಿ ಹಾಕಿರಲಿಲ್ಲ. ನಾಮಿನಿ ಇಲ್ಲದಿದ್ದರೆ, ಮೊತ್ತ 5 ಲಕ್ಷದೊಳಗಿದ್ದರೆ, ಕೋರ್ಟಿಗೆ ಹೋಗದೆ ಅಫಿಡವಿಟ್ ಮತ್ತು ಜಾಮೀನು ಪತ್ರಗಳ ಮೇಲೆ ಕೊಡುತ್ತಾರೆ. ಆದರೆ ತೀರಿಕೊಂಡು 6 ತಿಂಗಳು ಕಳೆದಿರಬೇಕು. ಅಣ್ಣ ತನಗೆ ಬೇಡ, ತಂಗಿಗೇ ಕೊಡಿ ಅಂತ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದ. ಸಾಕ್ಷಿಗಳು, ಅವರ ಗುರುತಿನ ಚೀಟಿ, ಎಲ್ಲ ಸಿದ್ಧ ಮಾಡಿಟ್ಟುಕೊಂಡು ಕಾದೆವು. ನಾಮಿನಿ ಹಾಕೋಕೆ ಒಂದು ಫಾರಂ, ಎರಡು ನಿಮಿಷ. ಈ ವಾಕ್ಯ ಓದಿದವರು ನಾಳೆಯೇ ಮನೆಯ ಹಿರಿಯರ ಎಲ್ಲ ಪಾಸ್‌ಬುಕ್ ತೆಗೆದು ನೋಡಿ, ದಯವಿಟ್ಟು. ಈಗ ಬ್ಯಾಂಕು ಖಾತೆಗಳಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, 2025ರ ನವೆಂಬರಿನಿಂದ.

ಆ ಆರು ತಿಂಗಳು ನನಗೆ ಸುಮ್ನೆ ಕಾಯೋಕೆ ಆಗಲಿಲ್ಲ. ಅಮ್ಮನ ಟಿಕೆಟ್ ಕಟ್ಟಿನಲ್ಲಿ ಇಲ್ಲದ ಊರು ಯಾವುದು ಅಂತ ನೋಡಿದೆ. ಗದಗ ಹತ್ತಿರದ ಲಕ್ಕುಂಡಿ ಇರಲಿಲ್ಲ. ಒಂದು ಶನಿವಾರ ಹೊರಟೆ. ನಲವತ್ತು ದಾಟಿದರೂ ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಆಫೀಸು, ಮನೆ, ಮಗಳ ಶಾಲೆ. ಗಂಡನಿಗೆ ಹೇಳಿದಾಗ, "ನಾನೂ ಬರಲಾ?" ಅಂದರು. ಈ ಸಲ ಬೇಡ ಅಂದೆ. ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತಗೊಂಡಾಗ ಗಂಟಲು ಕಟ್ಟಿತು. ಕಂಡಕ್ಟರಿಗೆ ಏನು ಗೊತ್ತಾಗಬೇಕು, ಚಿಲ್ಲರೆ ಕೇಳಲ್ಲ ಕಣಮ್ಮ, ಕೂತ್ಕೊಳ್ಳಿ ಅಂದರು.

ಲಕ್ಕುಂಡಿಯಲ್ಲಿ ಕಾಶಿ ವಿಶ್ವೇಶ್ವರನ ಬಾಗಿಲವಾಡದ ಕೆತ್ತನೆ ನೋಡುತ್ತಾ ಎಷ್ಟೊತ್ತು ನಿಂತೆನೋ. ಎಷ್ಟು ಸಣ್ಣ ಕೆಲಸ ಅಂದರೆ, ನೆರಳು ಸರಿದ ಹಾಗೆಲ್ಲ ಮೊದಲು ಕಾಣದ್ದು ಕಾಣುತ್ತದೆ. ಆಮೇಲೆ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತೆ. ಫೋನ್ ತೆಗೆಯಲಿಲ್ಲ. ಯಾರಿಗೂ ಊಟ ಆಯ್ತಾ ಅಂತ ಕೇಳಲಿಲ್ಲ. ಅಮ್ಮ ಇಲ್ಲ ಅನ್ನೋ ನೋವು ಕಮ್ಮಿ ಆಯಿತು ಅಂತ ಹೇಳಲ್ಲ. ಅದು ಜೊತೆಗೇ ಕೂತಿತ್ತು. ಆದರೆ ಅವತ್ತು ಹೊಟ್ಟೆ ತುಂಬಾ ಉಂಡೆ, ಬರುವಾಗ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ತಿಂಗಳುಗಳ ಮೇಲೆ ಹಾಗೆ ನಿದ್ದೆ ಬಂದಿದ್ದು.

ಅಲ್ಲಿಂದ ನಿಲ್ಲಿಸಿಲ್ಲ. ಅಂಚೆ ಕಚೇರಿಗೆ ಊರಿಗೆ ಹೋದರೆ ಬರುವ ದಾರಿಯಲ್ಲಿ ಒಂದು ಊರು ನೋಡಿಯೇ ಬರೋದು. ವರ್ಷಗಳಿಂದ ಮುಂದೆ ಹಾಕುತ್ತಿದ್ದ ಸಂಗೀತದ ಕ್ಲಾಸಿಗೂ ಸೇರಿದೆ, ಮಗಳ ಜೊತೆ ಕೂತು ಸರಳೆ ವರಸೆ ಹಾಡುತ್ತೇನೆ. ಮಾಡಬೇಕು ಅಂತ ಅನ್ನಿಸಿದ್ದನ್ನು ಮುಂದಿನ ವರ್ಷಕ್ಕೆ ಅಂತ ಇಡೋದು ಬಿಟ್ಟಿದ್ದೇನೆ. ಅರವತ್ತು ದಾಟಿದ ಮೇಲೆ ಶುರು ಮಾಡಿದರೂ ಅಮ್ಮನಿಗೆ ಎರಡು ವರ್ಷದಲ್ಲಿ ಅಷ್ಟೆಲ್ಲ ಆಯಿತು. ನನಗೆ ಎಷ್ಟು ವರ್ಷ ಇದೆಯೋ ಗೊತ್ತಿಲ್ಲ, ಆದರೆ ಶುರು ಮಾಡೋಕೆ ಕಾಯಬೇಕಾದ ಕಾರಣ ಒಂದೂ ಇಲ್ಲ.

ಇ-ಖಾತಾಗೆ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಪತ್ರ, ಋಣಭಾರ ಪ್ರಮಾಣಪತ್ರ, ಕಟ್ಟಿದ ಕಂದಾಯದ ರಸೀದಿ, ಇಬ್ಬರ ಆಧಾರ್, ಫೋಟೋ. ಬಾಕಿ ಕಂದಾಯ ಇದ್ದರೆ ಮೊದಲು ಅದನ್ನು ಕಟ್ಟಿ. ಹೊಲ ಗದ್ದೆ ಇದ್ದವರು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವ ಹಾಗೆ, ಮಾಡಿಸಬೇಕು, ಅದನ್ನು ತಡ ಮಾಡಿದಷ್ಟೂ ವಾರಸುದಾರರ ಸಂಖ್ಯೆ ಬೆಳೆದು ಕಷ್ಟ ಆಗುತ್ತದೆ. ಪ್ಯಾನ್ ಕಾರ್ಡನ್ನು ಅವಸರದಲ್ಲಿ ಹಿಂತಿರುಗಿಸಬೇಡಿ. ತೆರಿಗೆ ವಿವರ ಸಲ್ಲಿಸುವುದು ಅಥವಾ ಮರುಪಾವತಿ ಬರೋದು ಇದ್ದರೆ ಅದೆಲ್ಲ ಮುಗಿದ ಮೇಲೆ ನೋಡಿಕೊಳ್ಳಿ. ಗ್ಯಾಸು, ಕರೆಂಟು ಮೀಟರು ಕೊನೆಗೆ ಮಾಡಿಸಿದರೂ ನಡೆಯುತ್ತದೆ.

ಆರ್‌ಡಿ ಹಣ ಬಂದ ದಿನ ಆಂಟಿಗೆ ಫೋನ್ ಮಾಡಿದೆ. ಆ ಹಣ ಯಾತಕ್ಕೆ ಅಂತ ಅವರೇ ಹೇಳಿದ್ದರು. ಶಕ್ತಿ ಬಸ್ಸು ರಾಜ್ಯದ ಗಡಿಯವರೆಗೆ ಮಾತ್ರ. ಅದರಾಚೆಗೆ ಇಬ್ಬರೂ ರಾಮೇಶ್ವರಕ್ಕೆ ಹೋಗಬೇಕು, ಸಮುದ್ರದ ಮೇಲೆ ಹೋಗುವ ರೈಲಿನಲ್ಲೇ ಕೂರಬೇಕು ಅಂತ ಅಮ್ಮ ಹಟ ಹಿಡಿದಿದ್ದಳಂತೆ. ಪಾಂಬನ್‌ನ ಹಳೇ ಸೇತುವೆಯಲ್ಲಿ ರೈಲು ನಿಂತುಹೋಗಿತ್ತು. 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆ ಶುರುವಾಗಿದೆ.

"ನಾನೊಬ್ಬಳೇ ಹೆಂಗೆ ಹೋಗಲಿ ಪುಟ್ಟಿ?" ಅಂದರು ಆಂಟಿ.

"ನಾನು ಬರ್ತೀನಲ್ಲ ಆಂಟಿ," ಅಂದೆ.

ಮದುರೈವರೆಗೆ ಒಂದು ರೈಲು, ಅಲ್ಲಿಂದ ರಾಮೇಶ್ವರಕ್ಕೆ ಇನ್ನೊಂದು. ಟಿಕೆಟ್ ಆಗಿದೆ. ಹಿರಿಯರ ಜೊತೆ ಹೋಗುವವರಿಗೆ ಒಂದು ವಿಷಯ: ರೈಲ್ವೆಯ ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತಿತು, ಆದರೆ ಕೆಳಗಿನ ಬರ್ತಿನ ಕೋಟಾ ಇದೆ, 45 ದಾಟಿದ ಹೆಂಗಸರಿಗೂ ಸಿಗುತ್ತದೆ. ಆಂಟಿಗೆ ಅದರಲ್ಲೇ ಸಿಕ್ಕಿದೆ. ಕಿಟಕಿ ಪಕ್ಕ ಅವರಿಗೇ ಅಂತ ಈಗಲೇ ಮಾತಾಗಿದೆ.